ಅಸ್ಮತ್ ಕೌದಿಯ ನಾತ

ಹಬ್ಬದ ರಜೆಗೆ ಶುಕ್ರವಾರದಿಂದ ಮುಚ್ಚಿದ್ದ ಅಂಗಡಿಯ ಬಾಗಿಲನ್ನು ಮಂಗಳವಾರ ಬೆಳಿಗ್ಗೆ ತೆಗೆದವಳು ನಾನು. ತೆಗೆದ ಕೂಡಲೇ ಮತ್ತೆ ಮುಚ್ಚಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಅಂಥ ನಾತ. ಹೊಸ ಹತ್ತಿಬಟ್ಟೆ, ಇಸ್ತ್ರಿಯ ಹಬೆ, ಕಾಫಿ, ಇಷ್ಟೇ ವಾಸನೆಯಿದ್ದ ಅಂಗಡಿಯೊಳಗೆ ಏನೋ ಸತ್ತು, ಊದಿ, ಕರಗಿಹೋದ ಹಾಗಿತ್ತು. ನನಗೆ ಮೊದಲೇ ಹೇಸಿಗೆ ಜಾಸ್ತಿ. ಬೇರೆಯವರು ಕುಡಿದ ಲೋಟ ಕಂಡರೂ ಮುಖ ಸಿಂಡರಿಸುವವಳು.

ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನ ಸ್ಟೇಷನ್ ಹತ್ತಿರದ ಈ ಹೊಲಿಗೆ ಅಂಗಡಿ ವಿಲ್ಮಾ ಎಂಬ ಡಚ್ ಹೆಂಗಸಿನದು. ಬಟ್ಟೆ, ದಾರ, ಸೂಜಿ ಮಾರುತ್ತೇವೆ, ಹಿಂದಿನ ಕೋಣೆಯಲ್ಲಿ ಕ್ವಿಲ್ಟ್ ಹೊಲಿಯುವ ತರಗತಿ ನಡೆಸುತ್ತೇವೆ. ನಾನು, ವತ್ಸಲಾ, ವಾರದಲ್ಲಿ ಕೆಲವು ದಿನ ಕೌಂಟರ್ ನೋಡಿಕೊಳ್ಳುತ್ತಿದ್ದೆ. ವಿಲ್ಮಾ ಬಂದಳು, ಮೂಗು ಮುಚ್ಚಿಕೊಂಡಳು, ಇಬ್ಬರೂ ಸತ್ತ ಇಲಿ ಹುಡುಕಿದೆವು. ಇಲಿ ಸಿಗಲಿಲ್ಲ. ನಾತ ಬರುತ್ತಿದ್ದದ್ದು ಹಿಂದಿನ ಕೋಣೆಯ ಕಪಾಟಿನಲ್ಲಿ ಮಡಚಿಟ್ಟಿದ್ದ ಅಸ್ಮತ್‌ಳ ಕೌದಿಯಿಂದ.

ಆ ಕೌದಿಯ ಕತೆ ಹೇಳಬೇಕು. ಧಾರವಾಡದ ಕಡೆಯ ಅಸ್ಮತ್ ಗಂಡನ ಕೆಲಸಕ್ಕೆಂದು ಇಲ್ಲಿಗೆ ಬಂದವಳು. ಗಯಾಸ್‌ನ ಹೆಂಡತಿ, ಝೈದ್‌ನ ಅಮ್ಮ, ಇಷ್ಟೇ ಅವಳ ಗುರುತು. ಒಂದು ದಿನ ದಾರ ಕೊಳ್ಳಲು ಬಂದವಳು ಕೌದಿಯ ಮಾತೆತ್ತಿದಳು. ವಿಲ್ಮಾಗೆ ಹುಚ್ಚು ಹಿಡಿಯಿತು. ಗಿರಾಕಿಗಳೆಲ್ಲ ಹಳೆ ಬಟ್ಟೆ ತಂದುಕೊಟ್ಟರು. ನಮ್ಮ ಹಳೆಯ ಡಚ್ ಗಿರಾಕಿ ಟ್ರೂಸ್ ಅಜ್ಜಿ ತೀರಿಹೋದ ಗಂಡನ ಅಂಗಿ ಕೊಟ್ಟಳು. ಎಲ್ಲವನ್ನೂ ಕೂಡಿಸಿ ಅಸ್ಮತ್ ಹೊಲಿದಳು, ಕೊನೆಯ ಭಾಗವನ್ನು ಒಂದು ಶನಿವಾರ ನಮ್ಮೆಲ್ಲರ ಎದುರೇ ಮುಗಿಸಿದಳು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು, ಒಂದು ಅಂಗೈಯಷ್ಟು ಜಾಗ ಉಳಿದಾಗ ಟ್ರೂಸ್ ಕೈಗೆ ಸಕ್ಕರೆ ಹಚ್ಚಿದ ಒಣರೊಟ್ಟಿಯ ಚೂರು ಕೊಟ್ಟು, "ಒಳಗ ಇಡ್ರಿ" ಅಂದಳು. "ಕೌದಿ ಹೊಟ್ಟಿ ಖಾಲಿ ಬಿಡಬಾರದ್ರಿ. ಹಸದ ಕೌದಿ ಹೊದ್ದವ್ರನ್ನೂ ಹಸಿಸ್ತದ."

ಅಂಗಡಿಯ ನ್ಯೂಸ್‌ಲೆಟರ್ ಬರೆಯುವ ಅಶ್ವಿತಾ ಅದನ್ನು ಬರೆದಳು. ಮಂಗಳೂರಿನ ಹುಡುಗಿ, ಪಕ್ಕದ ಐಂಡ್‌ಹೋವನ್ ನಗರದಲ್ಲಿ ಕೆಲಸ. ಗುಂಡಿ ಹೊಲಿಯಲೂ ಬಾರದು, ಬರೆಯಲು ಚೆನ್ನಾಗಿ ಬರುತ್ತದೆ. "ಕೌದಿ ಹೊಲಿಯುವವರು ಒಳಗೆ ಒಂದು ತುತ್ತು ಇಡುತ್ತಾರೆ" ಎಂದು ಬರೆದು, ಕೆಳಗೆ ಕೌದಿಯ ಮೂಲೆಗೆ ತ್ರಿಕೋನ ಬಟ್ಟೆ ಮಡಚಿ ಹೊಲಿದ ಹಸಿರು ಹೂವಿನ ಫೋಟೊ ಹಾಕಿದ್ದಳು. ಬರುವ ಶನಿವಾರದಿಂದ ಅಸ್ಮತ್‌ಳದೇ ತರಗತಿ ಎಂಬ ಸುದ್ದಿಯೂ ಅದರಲ್ಲಿತ್ತು. ಆ ಸುದ್ದಿಯನ್ನು ಅಸ್ಮತ್ ಮೊಬೈಲಿನಲ್ಲಿ ತೆರೆದು ನನಗೆ ಮತ್ತೆ ಮತ್ತೆ ತೋರಿಸಿದ್ದಳು. "ಈ ಊರಾಗ ನನ್ನ ಹೆಸರು ಎಲ್ಲ್ಯಾರ ಐತಿ ಅಂದ್ರ ಇಲ್ಲಷ್ಟ ನೋಡ್ರಿ, ವತ್ಸಲಕ್ಕಾ."

ಈಗ ಆ ಹೆಸರಿಗೆ ನಾತ ಹತ್ತಿತ್ತು.

ವಿಲ್ಮಾ ಅಸ್ಮತ್‌ಳನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದಳು, ಕೌದಿಯೊಳಗೆ ತಿನ್ನುವ ವಸ್ತು ಇಟ್ಟಿದ್ದೀಯಾ ಎಂದು. ಅಸ್ಮತ್ ಹೌದೆಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ಬಟ್ಟೆ ಅಂಗಡಿಯಲ್ಲಿ ಆಹಾರ ಕೊಳೆಯಲು ಬಿಡಲಾಗದು, ತರಗತಿ ರದ್ದು ಎಂದು ಗಿರಾಕಿಗಳಿಗೆಲ್ಲ ಮೇಲ್ ಕೂಡ ಕಳಿಸಿದಳು. ವಿಲ್ಮಾ ಕೈಗವಸು ಹಾಕಿ ಕೌದಿಯನ್ನು ಬಿಚ್ಚಿಯೂ ನೋಡದೆ ಕಸದ ಚೀಲಕ್ಕೆ ತುರುಕಿ ಗಂಟು ಕಟ್ಟಿದಳು. ಅಷ್ಟರಲ್ಲಿ ಹರ್ಷಿತಾ ಬಂದಳು. ಬೆಂಗಳೂರಿನವಳು, ನಮ್ಮಲ್ಲಿ ಐದು ವರ್ಷದಿಂದ ಪ್ಯಾಚ್‌ವರ್ಕ್ ಕಲಿಸುವವಳು. ಶನಿವಾರದ ಜಾಗ ಮೊದಲು ಅವಳದೇ ಆಗಿತ್ತು. ಅಸ್ಮತ್‌ಗಾಗಿ ವಿಲ್ಮಾ ಅವಳನ್ನು ಗುರುವಾರ ಸಂಜೆಗೆ ತಳ್ಳಿದ್ದಳು.

"ಪಾಪ, ಬೇಜಾರ್ ಮಾಡ್ಕೋಬೇಡಿ ಅಸ್ಮತ್," ಎಂದು ಬೆನ್ನು ಸವರಿದಳು. ಅಸ್ಮತ್ ಹೋದಮೇಲೆ ನನ್ನ ಕಿವಿಯ ಹತ್ತಿರ ಬಂದು, "ರೊಟ್ಟಿ ಹೀಗ್ ನಾರತ್ತಾ ವತ್ಸಲಾ? ಅವರ್ ಮನೇಲಿ ಎಲ್ಲಾ ತಿಂತಾರಪ್ಪ, ಏನಿಟ್ಟಿದ್ರೋ. ನಂಗಂತೂ ವಾಕರಿಕೆ ಬರ್ತಿದೆ," ಅಂದಳು. ಅವಳು ಈರುಳ್ಳಿ ಕತ್ತರಿಸಿದ ಚಾಕುವಿನಲ್ಲಿ ಹಣ್ಣು ಕತ್ತರಿಸಿದರೂ ಮುಟ್ಟದ ಮಡಿಯವಳು. ಆ ಮಾತು ಕೇಳಿದ ಮೇಲೆ ಚೀಲವನ್ನು ಕಸಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ.

ನಾನು ಕಸದ ಚೀಲ ಎತ್ತಿಕೊಂಡು ನೇರ ಮಹಡಿ ಹತ್ತಿದೆ. ಅಂಗಡಿಯ ಮೇಲಿನ ಮನೆಯಲ್ಲಿ ಉಮಾವತಿ, ನಮ್ಮ ಉಮಕ್ಕ, ಗಂಡ ರಮಾನಾಥರ ಜೊತೆ ಬಾಡಿಗೆಗಿದ್ದರು. ಉಮಕ್ಕ ಉಡುಪಿಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇಡೀ ಆಯುಷ್ಯ ಜನರ ಸುಳ್ಳು ಕೇಳಿದ ಕಿವಿ ಅದು. ನಮ್ಮ ಬೀದಿಯಲ್ಲಿ ಸೈಕಲ್ ಕಳೆದರೂ ಜನ ಪೊಲೀಸರಿಗಿಂತ ಮೊದಲು ಉಮಕ್ಕನ ಬೆಲ್ ಒತ್ತುತ್ತಿದ್ದರು.

"ಬಾಲ್ಕನಿಗೆ ತಾ ಮಾರಾಯ್ತಿ, ಒಳಗೆ ಬೇಡ," ಅಂದರು ಉಮಕ್ಕ.

ಚೀಲ ಬಿಚ್ಚಿ ಕೌದಿ ಹರಡಿದೆವು. ನಾನು ಶಾಲನ್ನು ಮೂಗಿಗೆ ಸುತ್ತಿಕೊಂಡಿದ್ದೆ, ಆದರೂ ಕಣ್ಣಲ್ಲಿ ನೀರು. ನಡುಭಾಗ ಒಣಗಿಯೇ ಇತ್ತು. ಒದ್ದೆಯಾಗಿ ಕಂದುಬಣ್ಣಕ್ಕೆ ತಿರುಗಿದ್ದದ್ದು ಒಂದು ಮೂಲೆ, ಹಸಿರು ಹೂವಿನ ಮೂಲೆ. ಉಮಕ್ಕ ಹೂವಿನ ಹೊಲಿಗೆಯನ್ನು ಭೂತಕನ್ನಡಿಯಲ್ಲಿ ನೋಡಿದರು.

"ವತ್ಸಲಾ, ಅಸ್ಮತ್ ಗಂಟು ಎಲ್ಲಿ ಹಾಕ್ತಾಳೆ?"

"ಮೇಲೆಯೇ ಬಿಡ್ತಾಳೆ, ಎಲ್ಲ ಕಡೆ ಕಾಣ್ತದೆ ನೋಡಿ."

"ಈ ಮೂಲೆಯಲ್ಲಿ ಎಂತದೂ ಕಾಣುದಿಲ್ಲ. ದಾರ ಅದೇ, ಗಂಟು ಮಾತ್ರ ಒಳಗೆ ಎಳೆದು ಅಡಗಿಸಿದ್ದಾರೆ."

ಹೂವನ್ನು ಬಿಚ್ಚಿದಾಗ ಒಳಗಿನಿಂದ ಹೊರಬಂದದ್ದನ್ನು ವರ್ಣಿಸಲಾರೆ. ಬೂದು ಲೋಳೆ. ನಾನು ಬಾಲ್ಕನಿಯ ಕಂಬಿ ಹಿಡಿದು ಹೊರಗೆ ಬಾಗಿದೆ. ಉಮಕ್ಕ ಮಲ್ಪೆಯಲ್ಲಿ ಹುಟ್ಟಿ ಬೆಳೆದವರು, ಕಡ್ಡಿಯಿಂದ ಕೆದಕಿ ಕಪ್ಪು ಚುಕ್ಕೆಯಂಥ ಕಣ್ಣು, ತೆಳು ಚಿಪ್ಪು ತೋರಿಸಿದರು. "ಸಿಗಡಿ. ತಲೆ ಸಮೇತ ಇಟ್ಟಿದ್ದಾರೆ, ಬೇಗ ನಾರಲಿ ಅಂತ. ಸಿಕ್ಕಿದ್ದು ಎಲ್ಲಿ, ಎಂತದ್ದು, ಯಾರಿಗೂ ಬಾಯಿ ಬಿಡಬೇಡ."

ಆಮೇಲೆ ನಡುವನ್ನು ಎರಡು ಹೊಲಿಗೆಯಷ್ಟು ಬಿಚ್ಚಿ ನೋಡಿದರು. ಟ್ರೂಸ್ ಇಟ್ಟ ರೊಟ್ಟಿಯ ಚೂರು ಕರಕರ ಒಣಗಿಕೊಂಡು ಅಲ್ಲೇ ಇತ್ತು.

ಅವರು ನನ್ನನ್ನು ಮೂರು ಪ್ರಶ್ನೆ ಕೇಳಿದರು. ಹಿಂದಿನ ಕೋಣೆಯ ಕೀಲಿ ಯಾರ ಹತ್ತಿರ ಉಂಟು? ವಿಲ್ಮಾ, ನಾನು, ಹರ್ಷಿತಾ. ಆ ಶನಿವಾರ ಕೌದಿ ಮುಗಿಸುವಾಗ ಯಾರು ಇರಲಿಲ್ಲ? ಹರ್ಷಿತಾ ಊರಿಗೆ ಹೋಗಿದ್ದಳು, ನ್ಯೂಸ್‌ಲೆಟರ್ ಹೊರಟಮೇಲೆ ಬಂದಳು. ಗಂಟು ಅಡಗಿಸುವುದು ಯಾರಿಗೆ ಬರುತ್ತದೆ? ವಿಲ್ಮಾಗೆ, ಟ್ರೂಸ್‌ಗೆ, ನನಗೆ, ಹರ್ಷಿತಾಗೆ. ಹೇಳುತ್ತಾ ಹೇಳುತ್ತಾ ಒಂದೇ ಹೆಸರು ಮೂರು ಸಲ ಬಂದದ್ದು ನನಗೇ ಕೇಳಿಸಿತು. ಉಮಕ್ಕ ಮಾತ್ರ, "ನಾಳೆ ಎಲ್ಲರನ್ನೂ ಕರೆ. ಅನುಮಾನ ಸಾಲುದಿಲ್ಲ, ಅವರ ಬಾಯಿಂದಲೇ ಬರಬೇಕು," ಅಂದರು.

ಮರುದಿನ ಹಿಂದಿನ ಕೋಣೆಯ ಉದ್ದ ಮೇಜಿನ ಸುತ್ತ ಕೂತೆವು. ಕಿಟಕಿಗಳೆಲ್ಲ ತೆರೆದಿದ್ದವು. ಕೌದಿಯ ಮೇಲೆ ಉಮಕ್ಕ ದಪ್ಪ ಬೆಡ್‌ಶೀಟ್ ಹೊದಿಸಿದ್ದರು, ನಾತ ಅದನ್ನೂ ದಾಟಿ ಬರುತ್ತಿತ್ತು. ಅಸ್ಮತ್ ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಡಚ್ಚಿನಿಂದ ಕನ್ನಡಕ್ಕೆ, ಕನ್ನಡದಿಂದ ಡಚ್ಚಿಗೆ ಅಶ್ವಿತಾ ದಾಟಿಸುತ್ತಿದ್ದಳು.

"ಇದನ್ನು ಬಿಸಾಡುವ ಮೊದಲು ಒಳಗಿದ್ದದ್ದನ್ನು ತೆಗೀಬೇಕು," ಎಂದು ಉಮಕ್ಕ ಕತ್ತರಿ ಎತ್ತಿಕೊಂಡರು. "ಇದರಲ್ಲಿ ಎಲ್ಲರ ಮನೆ ಬಟ್ಟೆ ಉಂಟು, ಸುಮ್ಮನೆ ಹರಿಯುದು ಬೇಡ. ಹರ್ಷಿತಾ, ನೀನು ಕಲಿಸುವವಳು. ಎಲ್ಲಿ ಬಿಚ್ಚಿದರೆ ಸಾಕು?"

"ಹೂವು ಬಿಚ್ಚಿ ಆಂಟಿ, ಮೂಲೇದು. ಅಲ್ಲೇ ತಾನೇ ಅವ್ರು ಇಡೋದು. ಮಿಕ್ಕಿದ್ದನ್ನ ಯಾಕ್ ಹಾಳ್ ಮಾಡ್ತೀರಾ."

ಅಶ್ವಿತಾ ಅನುವಾದ ನಿಲ್ಲಿಸಿ ತಿರುಗಿದಳು. "ಮೂಲೇಲಾ? ಇಲ್ವಲ್ಲಾ ಆಂಟಿ, ಸೆಂಟರ್‌ನಲ್ಲಿ. ನಾನೇ ನೋಡಿದ್ದೆ." ಟ್ರೂಸ್‌ಗೆ ಹೇಳಿದಾಗ ಅವಳೂ ತಲೆಯಾಡಿಸಿ ಬೆಡ್‌ಶೀಟಿನ ನಡುವೆ ಬೆರಳಿಟ್ಟಳು. ಅಲ್ಲಿ ಇಟ್ಟದ್ದು ಅವಳದೇ ಕೈ.

"ಹೌದು," ಅಂದರು ಉಮಕ್ಕ. "ಕೌದಿ ಹೊಲಿಯುವುದು ಅಂಚಿನಿಂದ ನಡುವಿಗೆ. ಮೂಲೆಯ ಹೂವು ಮೊದಲೇ ಹೊಲಿದು ಆಗಿರ್ತದೆ. ಕೊನೆಗೆ ಬಾಯಿ ಉಳಿಯುವುದು ನಡುವೆ, ತುತ್ತು ಇಡುದೂ ಅಲ್ಲಿಯೇ. ಆವತ್ತು ಇಲ್ಲಿ ಇದ್ದವರಿಗೆಲ್ಲ ಇದು ಗೊತ್ತುಂಟು. ನ್ಯೂಸ್‌ಲೆಟರ್ ಮಾತ್ರ ಓದಿದವರಿಗೆ ಕಾಣುದು ಮೂಲೆಯ ಫೋಟೊ." ಬೆಡ್‌ಶೀಟ್ ಸರಿಸಿದರು. ಹಸಿರು ಮೂಲೆ ಕಂದಾಗಿ ಬಾಯಿ ತೆರೆದುಕೊಂಡು ಬಿದ್ದಿತ್ತು. "ನಡುವಿನ ರೊಟ್ಟಿ ಒಣಗಿ ಚೆನ್ನಾಗಿಯೇ ಉಂಟು. ನಾತ ಬಂದದ್ದು ಇಲ್ಲಿಂದ. ಇದರೊಳಗೆ ಇದ್ದದ್ದು ಸಿಗಡಿ. ಅಸ್ಮತ್, ನಿಮ್ಮ ಮನೆಯಲ್ಲಿ ಸಿಗಡಿ ತರ್ತೀರಾ?"

ಅಸ್ಮತ್ ಮೊದಲ ಸಲ ತಲೆಯೆತ್ತಿದಳು. "ಇಲ್ರೀ ಅಕ್ಕಾರ. ನೀರಾಗಿಂದ್ರಾಗ ನಾವು ಮೀನಷ್ಟ ತಿನ್ನೋದ್ರಿ. ನಮ್ಮ ಹಿರ್ಯಾರು ಅದನ್ನ ಮೀನು ಅಂತ ಎಣಸಂಗಿಲ್ರಿ, ನಮ್ಮ ಮನ್ಯಾಗ ಅದು ನಡ್ಯಂಗಿಲ್ಲ. ನಾ ಹುಟ್ಟಿದಾಗಿಂದ ಕೈಲೆ ಮುಟ್ಟಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ ನೀನು?" ನಾನು ತಡೆಯಲಾರದೆ ಕೇಳಿದೆ.

"ಒಳಗ ಏನೈತಿ ಅಂತ ಯಾರರೆ ತಗದು ನೋಡಿದ್ರೇನ್ರಿ? ಏನರೆ ಇಟ್ಟಿಯೇನು ಅಂದ್ರು. ಇಟ್ಟೀನಿ ಅಂದೆ. ಸುಳ್ಳು ಹೆಂಗ ಹೇಳ್ಲಿ."

ಹರ್ಷಿತಾ ನಕ್ಕಳು. "ಫೋಟೊ ನೋಡಿ ಯಾರ್ ಬೇಕಾದ್ರೂ ಮೂಲೆ ಅನ್ಕೋಬಹುದು. ನ್ಯೂಸ್‌ಲೆಟರ್ ಊರಿಗೆಲ್ಲ ಹೋಗತ್ತೆ. ಇದೇನ್ ಪ್ರೂಫಾ?"

"ಅನ್ಕೊಳ್ಳಬಹುದು," ಉಮಕ್ಕ ಸಿಟ್ಟಾಗಲಿಲ್ಲ. "ಆದರೆ ಊರಿನವರ ಹತ್ತಿರ ಈ ಕೋಣೆಯ ಕೀಲಿ ಇಲ್ಲ. ಕೀಲಿ ಇರುವುದು ವಿಲ್ಮಾ, ವತ್ಸಲಾ, ನೀನು. ಅವರಿಬ್ಬರೂ ಆ ಶನಿವಾರ ಇಲ್ಲಿದ್ದರು, ಇಡುದಾದರೆ ನಡುವೆ ಇಡ್ತಿದ್ದರು. ಅಶ್ವಿತಾಗೆ ಕೀಲಿಯೂ ಇಲ್ಲ, ಸೂಜಿ ಹಿಡಿಯಲೂ ಬರುದಿಲ್ಲ. ಈ ಮೂಲೆಯನ್ನು ಬಿಚ್ಚಿ ತಿರುಗಿ ಹೊಲಿದವರು ಅಸ್ಮತ್‌ಳ ದಾರವನ್ನೇ ತಗೊಂಡಿದ್ದಾರೆ, ಹೊಲಿಗೆಯ ಅಳತೆಯನ್ನೂ ಹಿಡಿದಿದ್ದಾರೆ. ಕೈ ಒಳ್ಳೆ ಪಳಗಿದ್ದು. ಆದರೆ ಪಳಗಿದ ಕೈ ಅಭ್ಯಾಸ ಬಿಡುದಿಲ್ಲ, ಗಂಟನ್ನು ಒಳಗೆ ಎಳೆದು ಅಡಗಿಸಿತು. ಕೌದಿಯಲ್ಲಿ ಉಳಿದ ಗಂಟೆಲ್ಲ ಮೇಲೆಯೇ ಉಂಟು. ಕಳೆದ ಗುರುವಾರ ಸಂಜೆ ತರಗತಿ ಮುಗಿಸಿ ಈ ಬಾಗಿಲು ಹಾಕಿದ್ದು ನೀನೊಬ್ಬಳೇ, ನಾನು ಮೇಲಿನಿಂದ ಕಂಡಿದ್ದೇನೆ. ಇಷ್ಟೆಲ್ಲ ಸೇರುವ ಮನುಷ್ಯರು ಇಲ್ಲಿ ಒಬ್ಬರೇ ಇರುವುದು. ಅಲ್ಲ ಅಂತಾದರೆ ಹೇಳು ಹರ್ಷಿತಾ, ಕೇಳ್ತೇನೆ."

ಅವಳು ವಿಲ್ಮಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ನೋಟ ತೆಗೆದೆ, ಅಸಹ್ಯಕ್ಕೆ. ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ.

"ಐದು ವರ್ಷ ನಾನ್ ಕಟ್ಟಿದ್ ಕ್ಲಾಸು. ಮೊನ್ನೆ ಬಂದವ್ಳಿಗೆ ಶನಿವಾರ, ಮೊನ್ನೆ ಬಂದವ್ಳಿಗೆ ನ್ಯೂಸ್‌ಲೆಟರು. ಹರ್ಕಲು ಬಟ್ಟೆ ಹೊಲ್ದಿದ್ದಕ್ಕೆ ಎಲ್ರೂ ಕಣ್ಣೀರ್ ಬೇರೆ. ನಾನ್ಯಾರಂತ ಒಬ್ರಾದ್ರೂ ಕೇಳಿದ್ರಾ?"

ಅಸ್ಮತ್ ಎದ್ದು ಮೇಜಿನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತಲೂ ಆಸೆಪಟ್ಟೆ.

"ಹರ್ಷಿತಾ, ನಿಮ್ಮ ಮನ್ಯಾಗ ತತ್ತಿ ಸುದ್ದಾ ತರಂಗಿಲ್ಲ. ನಾ ಚಹಾ ಕೊಟ್ರ ಕಪ್ಪು ತೊಳದೀರೇನು ಅಂತ ಕೇಳ್ತಿದ್ರಿ. ಅಂಥಾವ್ರು ಅಂಗಡಿಗೆ ಹೋಗಿ ಸಿಗಡಿ ಆರಿಸಿ ತಂದು, ಕೈಲೆ ಹಿಡದು, ಒಳಗ ತುಂಬಿ ಹೊಲದ್ರಿ. ನಮ್ಮ ಮನಿ ನಾರ್ತದ ಅಂತ ತೋರ್ಸಾಕ ನಿಮ್ಮ ಮಡೀನೂ ಬಿಟ್ರಿ. ಇಷ್ಟು ಸಿಟ್ಟು ನನ್ನ ಮ್ಯಾಲೆ ಯಾಕ್ರೀ? ಶನಿವಾರ ಕೊಡು ಅಂದಿದ್ರ ಕೊಡ್ತಿದ್ದೆ."

ಹರ್ಷಿತಾ ಕೋಟು ಎತ್ತಿಕೊಂಡು ಹೊರಟುಹೋದಳು. ಕೀಲಿ ಕೊಟ್ಟು ಹೋಗು ಎಂದು ಹೇಳಬೇಕಾಗಿದ್ದ ವಿಲ್ಮಾ ಅವಳನ್ನು ಹಾಗೇ ಬಿಟ್ಟಳು.

ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ವಿಲ್ಮಾ ಅಸ್ಮತ್‌ಳ ಎರಡೂ ಕೈ ಹಿಡಿದು ಬಹಳ ಮೆತ್ತಗೆ ಮಾತಾಡಿದಳು. ತುಂಬ ಬೇಸರವಾಗಿದೆ, ಶನಿವಾರದ ತರಗತಿ ಖಂಡಿತ ನಡೆಯುತ್ತದೆ, ಇದು ನಮ್ಮ ನಮ್ಮೊಳಗೇ ಇರಲಿ.

ಅಸ್ಮತ್ ಕೈ ಬಿಡಿಸಿಕೊಂಡಳು. "ಅಶ್ವಿತಾ, ಇವ್ರಿಗೆ ಕೇಳವಾ. ತರಗತಿ ಬಂದ್ ಆತು, ಆಹಾರ ಕೊಳತು ನಾತ ಹೊಡೀತು ಅಂತ ನಿನ್ನೆ ಎಲ್ಲಾರಿಗೂ ಮೇಲ್ ಕಳಿಸ್ಯಾರ. ಅದು ಸುಳ್ಳು, ನಡದದ್ದು ಹಿಂಗ ಅಂತ ಅಷ್ಟೂ ಮಂದಿಗೆ ಬರೀತಾರೇನು?"

ವಿಲ್ಮಾ ಕನ್ನಡಕ ತೆಗೆದು ಒರೆಸಿದಳು. ಅಂಗಡಿಯ ಹೆಸರಿನ ಪ್ರಶ್ನೆ, ಗಿರಾಕಿಗಳಿಗೆ ಇಂಥ ಹೊಲಸು ವಿಷಯ ಯಾಕೆ, ಹರ್ಷಿತಾಳದೂ ಒಂದು ಬದುಕು, ಎಂದೆಲ್ಲ ಅಂದಳು. ಹರ್ಷಿತಾ ಸಿಗಡಿ ಮುಟ್ಟಿದ್ದಳು, ಇವಳು ಅದನ್ನೂ ಮುಟ್ಟದೆ ಕೈ ತೊಳೆದುಕೊಳ್ಳುತ್ತಿದ್ದಳು. ಯಾರ ಮೇಲೆ ಹೆಚ್ಚು ಹೇಸಿಗೆ ಪಡಬೇಕೋ ನನಗೆ ತಿಳಿಯಲಿಲ್ಲ.

ಅಸ್ಮತ್ ಕೌದಿಯನ್ನು ಮಡಚತೊಡಗಿದಳು. ಟ್ರೂಸ್ ಅಜ್ಜಿ ಎದ್ದು ಅಶ್ವಿತಾಗೆ ಏನೋ ಹೇಳಿದಳು.

"ಅವ್ರ ಮನೇಲಿ ದೊಡ್ಡ ಡೈನಿಂಗ್ ಟೇಬಲ್ ಇದ್ಯಂತೆ, ಹತ್ತು ಜನ ಕೂರಬಹುದಂತೆ," ಅಂದಳು ಅಶ್ವಿತಾ. "ಶನಿವಾರ ಎಷ್ಟೊತ್ತಿಗೆ ಅಂತ ಕೇಳ್ತಿದ್ದಾರೆ ಆಂಟಿ."

ಆಗ ವಿಲ್ಮಾ ಗಾಬರಿಯಾಗಿ ಬಾಗಿಲಿಗೆ ಅಡ್ಡ ಬಂದು, ಬರೆಯುತ್ತೇನೆ, ಸ್ವಲ್ಪ ಯೋಚಿಸಿ ಬರೆಯುತ್ತೇನೆ ಅಂದಳು.

"ಯೋಚನೆ ಮಾಡ್ರಿ," ಅಂದಳು ಅಸ್ಮತ್. "ಬರದ ಮ್ಯಾಲೆ ಹೇಳಿ ಕಳಸ್ರಿ. ಅಲ್ಲೀತನಕ ನಾವು ಟ್ರೂಸ್ ಮನ್ಯಾಗ ಇರ್ತೀವಿ."

ಕೌದಿ ಭಾರವಿತ್ತು, ಒಬ್ಬಳಿಗೆ ಹೊರಲಾಗದು. ಒಂದು ಕಡೆ ಅವಳು ಹಿಡಿದಿದ್ದಳು, ಇನ್ನೊಂದು ಕಡೆ ಹಸಿರು ಮೂಲೆ ಜೋತುಬಿದ್ದಿತ್ತು. ನಾನು ಅಂಗಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಆ ಮೂಲೆ ಹಿಡಿದುಕೊಂಡೆ. ಕೈಗೆ ಲೋಳೆ ಹತ್ತಿತು. ಹಿಡಿದುಕೊಂಡೇ ಟ್ರೂಸ್‌ಳ ಮನೆಯವರೆಗೂ ನಡೆದೆ.