ಚೈತನ್ಯಾಳ ಮಾಮ

“ಕೈ ಬಿಡೇ! ಕುಯ್ದ್ ಹಾಕ್ಬಿಡ್ತೀನಿ!”

ಅವನ ಬಲಗೈಯಲ್ಲಿ ಬ್ಲೇಡು. ಎಡಗೈಯಲ್ಲಿ ಹತ್ತು ವರ್ಷದ ಹುಡುಗಿಯ ಮಣಿಕಟ್ಟು. ನಾನು ಪಲ್ಲಡಂ ಬಸ್ಸಿನ ಫುಟ್‌ಬೋರ್ಡ್ ಮೇಲೆ ಒಂಟಿ ಕಾಲಲ್ಲಿ ನೇತಾಡುತ್ತಿದ್ದೆ. ನನ್ನ ಮುಷ್ಟಿಯಲ್ಲಿ ಅವನ ಕಾಲರು!

ಬಸ್ಸು ಸಿಂಗಾನಲ್ಲೂರು ಸ್ಟ್ಯಾಂಡಿನಿಂದ ಮೇನ್ ರೋಡಿಗೆ ಹೊರಳುತ್ತಿತ್ತು.

ಹೆದರಲಿಲ್ಲ ಎಂದರೆ ಸುಳ್ಳು. ಹೆದರಿದೆ. ಆದರೆ ಹೆದರಿಕೆಗಿಂತ ಮೊದಲು ಹೇಸಿಗೆಯಾಯಿತು. ಯಾಕೆ ಗೊತ್ತಾ? ಅವನು ಬೈದದ್ದು ತಮಿಳಿನಲ್ಲಲ್ಲ. ನಮ್ಮ ಮನೆಯ ಕನ್ನಡದಲ್ಲಿ!

ಥೂ!

ತಡೀರಿ, ಮೊದಲಿಂದ ಹೇಳುತ್ತೇನೆ. ನಾನು ಸುಶೀಲ. ಮದುವೆ ಗಂಡುಗಳ ಜನ್ಮ ಜಾಲಾಡುವುದು ನನ್ನ ಕಸುಬು. ಹುಡುಗ ಕುಡಿಯುತ್ತಾನಾ? ಇನ್ನೊಂದು ಸಂಸಾರ ಇದೆಯಾ? ಹೇಳಿದ ಕಂಪನಿಯಲ್ಲಿ ನಿಜವಾಗಿ ಇದ್ದಾನಾ? ಕೊಯಮತ್ತೂರಿನ ನಮ್ಮ ನೇಕಾರರ ಮನೆಗಳಲ್ಲಿ ಹೆಣ್ಣು ಕೊಡುವ ಮುಂಚೆ ನನಗೊಂದು ಫೋನ್ ಬರುತ್ತದೆ. ತಲೆಮಾರುಗಳಿಂದ ಇಲ್ಲೇ ಇರುವವರು ನಾವು. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ.

ಎರಡು ಸಾವಿರದ ಏಳನೇ ಇಸವಿ. ಆ ಮಧ್ಯಾಹ್ನ ಪಕ್ಕದ ಬೀದಿಯ ಸಾಂತಿ ಪವರ್‌ಲೂಮ್ ಬಿಟ್ಟು ಓಡಿ ಬಂದಳು. ತಲೆಯ ತುಂಬ ಹತ್ತಿಯ ಧೂಳು.

“ಅಕ್ಕಾ! ನನ್ ಮಗು ನಿತ್ಯಾ ಊಟಕ್ಕೆ ಬರ್ಲಿಲ್ಲ! ಸ್ಕೂಲಲ್ಲೂ ಇಲ್ಲ!”

“ಎಲ್ಲಿಗ್ ಹೋಗ್ತಿರ್ತಾಳೆ?”

“ಬ್ರೌಸಿಂಗ್ ಸೆಂಟರ್‌ಗೆ... ಪ್ರಾಜೆಕ್ಟ್‌ಗೆ ಪಡ ಪ್ರಿಂಟ್ ತಗೊಂಡ್ ಬಾ ಅಂತ ಮಿಸ್ ಹೇಳ್ತಾರಲ್ಲಾ...”

ಐದನೇ ಕ್ಲಾಸಿನ ಮಕ್ಕಳು ಚಿತ್ರಗಳ ಪ್ರಿಂಟ್ ತರಬೇಕಂತೆ. ಅಲ್ಲಿ ಇನ್ನೇನು ಕಾದು ಕೂತಿರುತ್ತದೆ ಎಂದು ಆ ಮಕ್ಕಳಿಗೆ ಹೇಳಿದವರು ಒಬ್ಬರೂ ಇಲ್ಲ. ಟೀಚರೂ ಇಲ್ಲ, ನಾವೂ ಇಲ್ಲ.

ಸೆಂಟರಿಗೆ ನುಗ್ಗಿದೆವು. ಹಗಲಲ್ಲೂ ಕತ್ತಲು. ಸಾಲಾಗಿ ಪ್ಲೈವುಡ್ ಗೂಡುಗಳು, ಪ್ರತಿಯೊಂದಕ್ಕೂ ಪರದೆ. ಓನರ್ ಸೆಂದಿಲ್ ಕೌಂಟರಿನಿಂದ ಏಳಲೇ ಇಲ್ಲ.

“ಸ್ಕೂಲ್ ಹುಡುಗಿ ಯಾವ ಸೀಟಲ್ಲಿ ಕೂತಿದ್ಲು?” ತಮಿಳಿನಲ್ಲಿ ಕೇಳಿದೆ.

“ಕಸ್ಟಮರ್ ವಿಷಯ ಹೇಳೋಕಾಗಲ್ಲಕ್ಕಾ. ಪ್ರೈವೆಸಿ.”

“ಹತ್ತು ವರ್ಷದ ಕಸ್ಟಮರ್ರಾ?”

ಮೊದಲ ಪರದೆಯನ್ನು ಕಿತ್ತೆ. ಎರಡನೆಯದನ್ನೂ ಕಿತ್ತೆ. ಒಳಗಿದ್ದ ಗಂಡಸರು ಮುಖ ಮುಚ್ಚಿಕೊಂಡು ಹೊರಗೆ ಓಡಿದರು. ಅವರ ಪಕ್ಕದ ಗೂಡಿನಲ್ಲಿ ಯೂನಿಫಾರ್ಮಿನ ಇಬ್ಬರು ಪುಟ್ಟ ಹುಡುಗರು ಕಾರ್ ರೇಸ್ ಆಡುತ್ತಿದ್ದರು!

ಮಕ್ಕಳನ್ನು ಎಂಥವರ ಪಕ್ಕ ಕೂರಿಸಿದ್ದಾನೆ ನೋಡಿ... ಅಸಹ್ಯ!

“ಕೊನೇ ಸೀಟು... ಕೊನೇ ಸೀಟಕ್ಕಾ! ಈಗಷ್ಟೇ ಹೋದ್ಲು!” ಸೆಂದಿಲ್‌ಗೆ ಬಾಯಿ ಬಂತು.

ಆ ಕಂಪ್ಯೂಟರಿನಲ್ಲಿ ಚಾಟ್ ತೆರೆದೇ ಇತ್ತು. ಸೈನ್ ಔಟ್ ಮಾಡುವುದನ್ನು ಮಗುವಿಗೆ ಯಾರು ಕಲಿಸಿದ್ದಾರೆ? ಆ ಕಡೆಯವರ ಹೆಸರು ಚೈತನ್ಯಾ. ವಯಸ್ಸು ಹತ್ತು. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಕನ್ನಡ. ಸಾಂತಿಗಾಗಿ ಗಟ್ಟಿಯಾಗಿ ಓದಿದೆ.

ಯಾರ್ ಮಗಳು ನೀನು? ಯಾವ ಕುಲ? ಮನೆದೇವ್ರು ಯಾವ್ದು?

ನಮ್ಮ ಮದುವೆ ಮನೆಗಳಲ್ಲಿ ದೊಡ್ಡವರು ಮಕ್ಕಳನ್ನು ಕೇಳುವ ಪ್ರಶ್ನೆಗಳು. ಥಟ್ಟನೆ ಉತ್ತರ ಕೊಟ್ಟರೆ ಜಾಣ ಮಗು ಅಂತ ಕೆನ್ನೆ ಸವರುತ್ತೇವೆ. ನಿತ್ಯಾ ಜಾಣ ಮಗು. ಒಂದನ್ನೂ ಬಿಡದೆ ಹೇಳಿದ್ದಳು.

ಆಮೇಲೆ ಪ್ರಶ್ನೆಗಳು ಮೆಲ್ಲಗೆ ಜಾರಿದ್ದವು. ಅಪ್ಪ ಎಲ್ಲಿರ್ತಾರೆ? ತಿರುಪ್ಪೂರು ಬನಿಯನ್ ಕಂಪನಿ, ವಾರಕ್ಕೊಂದ್ಸಲ ಬರ್ತಾರೆ. ಅಮ್ಮ ಎಷ್ಟೊತ್ತಿಗೆ ಮನೇಲಿರಲ್ಲ? ಯಾವ ಸ್ಕೂಲು? ಫೋಟೋ ಕಳ್ಸು...

ಕಳಿಸಿದ್ದಳು.

ಕೊನೆಯ ಸಾಲು: ಇವತ್ತು ನನ್ ಬರ್ತ್‌ಡೇ. ಮಾಮ ಬಸ್ ಸ್ಟ್ಯಾಂಡಿಗೆ ಬರ್ತಾರೆ, ಪಲ್ಲಡಂಗೆ ಕರ್ಕೊಂಡ್ ಬರ್ತಾರೆ. ಅಮ್ಮಂಗೆ ಹೇಳ್ಬೇಡ, ಸರ್‌ಪ್ರೈಸು!

“ಗೊತ್ತಿಲ್ದೋರ ಹತ್ರ ಮಾತಾಡ್ಬೇಡ ಅಂತ ಎಷ್ಟ್ ಸಲ ಹೇಳಿದೀನಕ್ಕಾ!” ಸಾಂತಿ ತಲೆ ಚಚ್ಚಿಕೊಂಡಳು.

“ನಮ್ ಕನ್ನಡ ಮಾತಾಡೋರೂ ಗೊತ್ತಿಲ್ದೋರೇ ಅಂತ ಹೇಳಿದ್ಯಾ?”

ಹೇಳಿರಲಿಲ್ಲ. ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಈ ಊರಿನ ಗದ್ದಲದಲ್ಲಿ ಒಬ್ಬರ ಬಾಯಲ್ಲಿ ನಮ್ಮ ಮಾತು ಕೇಳಿದರೆ ಸಾಕು, ಕಾಫಿಗೆ ಮನೆಗೇ ಕರೆದುಬಿಡುತ್ತೇವೆ.

“ಸೆಂದಿಲ್! ನೂರಕ್ಕೆ ಫೋನ್ ಹಚ್ಚು. ಆ ಕಂಪ್ಯೂಟರ್ ಮುಟ್ಟಿದ್ರೆ ಕೈ ಮುರೀತೀನಿ. ಸಾಂತೀ, ಪೊಲೀಸ್ ಬರೋವರ್ಗೂ ಇಲ್ಲೇ ಕಾವಲಿರು!”

ಆಟೋ ಹಿಡಿದೆ. ಸಿಗ್ನಲ್ ಹಾರಿಸಿದೆವು. ರಾಂಗ್ ಸೈಡಲ್ಲಿ ನುಗ್ಗಿದೆವು. ಸ್ಟ್ಯಾಂಡ್ ತಲುಪುವಾಗ ನೀಲಿ ಸ್ಕೂಲ್ ಪಿನಾಫೋರ್ ಒಂದು ಪಲ್ಲಡಂ ಬಸ್ ಹತ್ತುತ್ತಿತ್ತು. ಹಿಂದೆ ಕ್ಯಾಪ್ ಹಾಕಿದ ಗಂಡಸು. ಬಸ್ಸು ಹೊರಟೇಬಿಟ್ಟಿತು... ಓಡಿದೆ, ಹಾರಿದೆ, ಅವನ ಕಾಲರ್ ಹಿಡಿದೆ.

ಆಗಲೇ ಬ್ಲೇಡ್ ಹೊರಗೆ ಬಂದದ್ದು.

“ಇವ್ಳು ನನ್ ಅಕ್ಕನ್ ಮಗಳು! ಇದ್ಯಾವ್ದೋ ಹುಚ್ಚು ಹೆಂಗ್ಸು!” ಬಸ್ಸಿನವರ ಕಡೆ ತಿರುಗಿ ತಮಿಳಿನಲ್ಲಿ ಅರಚಿದ.

ಎಲ್ಲರೂ ನನ್ನನ್ನೇ ನೋಡಿದರು. ಕೆದರಿದ ಕೂದಲು, ಒಂದೇ ಚಪ್ಪಲಿ. ಹುಚ್ಚಿಯಂತೆಯೇ ಇದ್ದೆ ಬಿಡಿ.

“ಅವನ ಹೆಸರೇನು, ಮಗೂನ ಕೇಳ್ರೀ!” ನಾನೂ ಅರಚಿದೆ.

ಕಂಡಕ್ಟರ್ ಬಗ್ಗಿದ. “ಇವರು ಯಾರು ಪಾಪಾ?”

“ಮಾಮ... ಚೈತನ್ಯಾ ಮಾಮ.”

“ಮಾಮನ ಹೆಸರೇನು?”

ನಿತ್ಯಾ ಅವನ ಮುಖ ನೋಡಿದಳು.

“ಗೊತ್ತಿಲ್ಲ...”

ವಿಸಿಲ್! ಡ್ರೈವರ್ ಬ್ರೇಕ್ ತುಳಿದ. ಬ್ಲೇಡ್ ನನ್ನ ಅಂಗೈ ಸೀಳಿತು. ಅವನು ಮಗುವನ್ನು ನನ್ನ ಮೇಲೆ ತಳ್ಳಿ ಹಿಂದಿನ ಬಾಗಿಲಿನಿಂದ ಹಾರಿದ. ಮಗುವನ್ನು ಕಂಡಕ್ಟರ್ ಕೈಗೆ ಕೊಟ್ಟು ನಾನೂ ಹಾರಿದೆ. ಹೂವಿನ ಬುಟ್ಟಿಗಳು ಉರುಳಿದವು, ಸೈಕಲ್ಲುಗಳು ಬಿದ್ದವು... ನಾನು ಬಂದಿದ್ದ ಆಟೋ ಅಡ್ಡ ಬಂದು ನಿಂತಿತು. ಅವನು ಅದಕ್ಕೆ ಬಡಿದು ಬಿದ್ದ. ಬ್ಲೇಡ್ ಹಿಡಿದ ಕೈಯನ್ನು ಮೆಟ್ಟಿ ನಿಂತೆ.

ಕ್ಯಾಪ್ ಬಿದ್ದುಹೋಗಿತ್ತು.

ದೇವರಾಜನ್! ನಮ್ಮ ನೇಕಾರರ ಸಂಘದ ಹಿರಿಯ ಪೊನ್ನುಸಾಮಿಯ ಅಳಿಯ! ನಮ್ಮ ಮದುವೆಗಳಲ್ಲಿ ಬಾಗಿಲ ಬಳಿ ನಿಂತು, ನಗುನಗುತ್ತಾ, ಒಳಗೆ ಬರುವ ಮಕ್ಕಳಿಗೆಲ್ಲ ಪನ್ನೀರು ಚಿಮುಕಿಸುವವನು.

ಪೊಲೀಸರು ಬರುವವರೆಗೂ ಆ ಕೈ ಮೇಲಿಂದ ಕಾಲು ತೆಗೆಯಲಿಲ್ಲ.

ಸ್ಟೇಷನ್ನಿನಲ್ಲಿ ನಿತ್ಯಾ ಅಮ್ಮನ ಸೆರಗಿನೊಳಗೆ ಮುದುಡಿ ಕೂತಿದ್ದಳು. ರೈಟರ್ ಕಂಪ್ಲೇಂಟ್ ಬರೆದು ಸೈನ್‌ಗೆ ಹಾಳೆ ಮುಂದಿಡುವಷ್ಟರಲ್ಲಿ ಪೊನ್ನುಸಾಮಿ ಹಾಜರ್! ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಮಗುವಿಗೆ ಏನಾಯಿತು ಅಂತ ಒಂದು ಮಾತು ಕೇಳಲಿಲ್ಲ.

“ಸಾಂತೀ, ನಿನ್ ಪೊಣ್ಣಿನ ಹೆಸ್ರು ಕೆಡುತ್ತಮ್ಮಾ. ನಾಳೆ ಇವ್ಳನ್ನ ಮದ್ವೆಗೆ ಯಾರು ತಗೋತಾರೆ? ನಮ್ ಹುಡುಗ ತಾನೇ... ಒಳಗೇ ಮುಗಿಸ್ಕೊಳ್ಳಾಣ.”

ಸಾಂತಿಯ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಇವಳು ಹಿಂಜರಿದರೆ ಅವನು ಇವತ್ತೇ ಹೊರಗೆ. ನಾಳೆ ಮತ್ತೆ ಯಾವುದೋ ಗೂಡಿನಲ್ಲಿ ಕೂತು ಹತ್ತು ವರ್ಷದ ಹುಡುಗಿಯಾಗಿಬಿಡುತ್ತಾನೆ!

“ಅಮ್ಮಾ...” ನಿತ್ಯಾ ಪಿಸುಗುಟ್ಟಿದಳು. “ಸುಪ್ರೀತಾಗೂ ಚೈತನ್ಯಾ ಫ್ರೆಂಡು. ಮುಂದಿನ್ ವಾರ ಅವ್ಳನ್ನೂ ಕರ್ದಿದಾಳೆ...”

“ಯಾರಮ್ಮಾ ಸುಪ್ರೀತಾ?” ರೈಟರ್ ಕೇಳಿದ.

“ನನ್ ಕ್ಲಾಸು.”

ಸಾಂತಿ ಎದ್ದು ನಿಂತಳು. ದೊಡ್ಡವರ ಮುಂದೆ ದನಿ ಎತ್ತಿದವಳೇ ಅಲ್ಲ ಅವಳು.

“ನಮ್ ಹುಡುಗ ಅಂತಾನೇ ದೊಡ್ಡಪ್ಪಾ, ನನ್ ಮಗು ಅವನ್ ಹಿಂದೆ ಹೋಗಿದ್ದು!”

ಸೈನ್ ಹಾಕಿದಳು. ಪೆನ್ನು ಕಾಗದವನ್ನೇ ಹರಿಯುವಷ್ಟು ಒತ್ತಿ ಹಾಕಿದಳು.

ಪೊನ್ನುಸಾಮಿ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದ. ಮುಖ ಕೆಂಪೇರಿತ್ತು.

“ಸುಶೀಲಾ! ಇದೆಲ್ಲಾ ನಿನ್ ಕೆಲ್ಸ. ಇನ್ಮೇಲೆ ನಮ್ಮೋರ ಒಂದ್ ಮನೆಗೂ ನಿನ್ನ ಯಾರೂ ಕರ್ಯಲ್ಲ!”

ಅಂಗೈಗೆ ಸುತ್ತಿದ ಬಟ್ಟೆಯನ್ನು ಬಿಗಿ ಮಾಡಿಕೊಂಡೆ.

“ಬೇಡ ದೊಡ್ಡಪ್ಪಾ. ಇನ್ಮೇಲೆ ಕರೀದೇನೇ ಬರ್ತೀನಿ.”