ಕಾಶವ್ವನ ದನಿಗೆ ಹಾಕಿದ ಬೀಗ

ಆ ಮಂಗಳವಾರ ಹುಬ್ಬಳ್ಳಿಯ ದನಿಕೇಂದ್ರದಲ್ಲಿ ಮೊದಲು ಮಾತಾಡಿದವರು ನಿವೃತ್ತ ಡ್ರಿಲ್ ಮಾಸ್ತರ ಬಸಲಿಂಗಪ್ಪ. ಕ್ಯಾನ್ಸರ್ ಬಂದು ಅವರ ಧ್ವನಿಪೆಟ್ಟಿಗೆ ತೆಗೆದು ಎರಡು ತಿಂಗಳಾಗಿತ್ತು. ತಂತ್ರಜ್ಞೆ ನೀಲಗಂಗಾ ಅವರ ಕತ್ತಿಗೆ ತೆಳುವಾದ ಪಟ್ಟಿ ಅಂಟಿಸಿ, "ಏನರ ಅನ್ರಿ ಸರ್" ಎಂದಳು. ಮಾಸ್ತರರು ಬರಿದೆ ತುಟಿ ಆಡಿಸಿದರು. ಪಟ್ಟಿ ಕತ್ತಿನ ಸ್ನಾಯುಗಳ ಮಿಡಿತವನ್ನು ಓದಿ, ಅವರದೇ ಗೊಗ್ಗರು ದನಿಯಲ್ಲಿ ನುಡಿಯಿತು: "ಈ ಮಗಾ ಎರಡು ತಿಂಗಳು ಆರಾಮ ಮಲಗ್ಯಾನ. ನಾಳಿಂದ ಮತ್ತ ಐದಕ್ಕ ಏಳಬೇಕು."

ಪಕ್ಕದಲ್ಲಿದ್ದ ಮಗ ನಗಲು ಹೋಗಿ ಅತ್ತುಬಿಟ್ಟ.

ಮುಂದಿನ ಸರದಿ ಕುಂದಗೋಳದ ಕಾಶವ್ವನದು. ಅವಳ ಗಂಡ ಅಡಿವೆಪ್ಪ ಕುರ್ಚಿಯನ್ನು ಕೈಯಿಂದ ತಡವಿ ಕೂತ. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ಹನ್ನೆರಡು ವರ್ಷದ ಹಿಂದೆಯೇ ತಿಂದಿತ್ತು. ಕಾಶವ್ವನಿಗೆ ಬರೆಯಲು ಬಂದರೂ ಅವನಿಗೆ ಓದಲು ಬರುವಂತಿರಲಿಲ್ಲ. ತನಗೂ ಅದೇ ಶಸ್ತ್ರಚಿಕಿತ್ಸೆ ಆದಾಗಿನಿಂದ ಅವಳು ಅವನ ಅಂಗೈ ಮೇಲೆ ಬೆರಳು ಬಡಿಯುತ್ತಿದ್ದಳು. ಒಂದು ಬಡಿತವೆಂದರೆ ಹೌದು, ಎರಡೆಂದರೆ ಇಲ್ಲ. ಎರಡು ತಿಂಗಳ ಸಂಸಾರ ಅಷ್ಟರಲ್ಲೇ ನಡೆದಿತ್ತು.

"ತಂಗಿ, ಲಗೂ ಮಾಡು," ಎಂದ ಅಡಿವೆಪ್ಪ. "ಈಕಿ ಎರಡು ತಿಂಗಳ ಬೈಗಳ ಕೂಡಿಸಿಟ್ಟಾಳ."

ಕಾಶವ್ವ ಅವನ ಅಂಗೈಗೆ ಜೋರಾಗಿ ಒಂದು ಬಡಿದಳು.

ನೀಲಗಂಗಾ ನಗುತ್ತಲೇ ಗುಂಡಿ ಒತ್ತಿದಳು. ಪರದೆ ಕೆಂಪಾಯಿತು. ಮತ್ತೆ ಒತ್ತಿದಳು. 'ಈ ದನಿಗೆ ಕೀಲಿ ಇಲ್ಲ' ಎಂದು ಪರದೆಯ ಮೇಲೆ ಬಂತು.

ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗಳು ಹದಿನಾಲ್ಕು ದಿನ, ದಿನಕ್ಕೊಂದು ತಾಸು, ಇಲ್ಲಿ ಕೂತು ಮಾತಾಡಿ ತಮ್ಮ ದನಿಯನ್ನು ದಾಖಲಿಸಿ ಇಡುತ್ತಿದ್ದರು. ಬಿಟ್ಟಿ ಬಿದ್ದ ದನಿಯನ್ನು ಕದ್ದು, ಸತ್ತ ಮಗನ ಗಂಟಲಲ್ಲಿ ತಾಯಿಗೆ ಫೋನ್ ಮಾಡುವ ಕಳ್ಳರು ಹೆಚ್ಚಾದ ಕಾಲ ಅದು. ದನಿಯನ್ನು ಬೀಗವಿಲ್ಲದೆ ಎಲ್ಲಿಯೂ ಇಡಬಾರದೆಂದು ಕಾನೂನೇ ಇತ್ತು. ಬೀಗಕ್ಕೆ ಎರಡು ಕೀಲಿ. ಮುಚ್ಚುವುದು ಸಾರ್ವಜನಿಕ ಕೀಲಿ. ಕ್ಲೌಡಿನಲ್ಲಿರುವ ಕೀಲಿ ಭಂಡಾರ ಅದನ್ನು ಕೇಳಿದವರಿಗೆಲ್ಲ ಕೊಡುತ್ತದೆ. ತೆರೆಯುವುದು ಖಾಸಗಿ ಕೀಲಿ. ಅದು ಭಂಡಾರ ಬಿಟ್ಟು ಹೊರಗೆ ಬರುವುದಿಲ್ಲ. ಹೊಸ ವರ್ಷಕ್ಕೆ ಹೊಸ ಜೋಡಿ. ಅಲ್ಲಿಯವರೆಗಿನ ದನಿಗಳನ್ನೆಲ್ಲ ಹೊಸ ಕೀಲಿಗೆ ಬದಲಿಸಿ, ಮೂವತ್ತು ದಿನ ಕಾದು, ಹಳೆಯ ಖಾಸಗಿ ಕೀಲಿಯನ್ನು ಅಳಿಸಿಬಿಡುತ್ತಿದ್ದರು. ಅದಕ್ಕೇ ಪ್ರತಿ ಸಲ ಸಾರ್ವಜನಿಕ ಕೀಲಿಯನ್ನು ಭಂಡಾರದಿಂದಲೇ ತರಿಸಬೇಕೆಂಬುದು ನಿಯಮ.

ನೀಲಗಂಗಾ ಕಾಶವ್ವನ ದನಿಯ ದಾಖಲೆ ತೆರೆದು ಕೀಲಿಯ ವರ್ಷ ನೋಡಿದಳು. ಹೊರಗಿನ ಓಣಿಗೆ ಹೋಗಿ ಧಾರವಾಡಕ್ಕೆ ಫೋನ್ ಮಾಡಿದಳು. ಪಟ್ಟಿಯನ್ನೂ ಬೀಗವನ್ನೂ ಕಂಡುಹಿಡಿದ ಡಾ. ಮೆಹರುನ್ನಿಸಾ ನದಾಫ ಅಲ್ಲಿದ್ದರು.

"ಯಾವ ಕೀಲೀಲೆ ಮುಚ್ಚೇತಿ?"

"ಹೋದ ವರ್ಷದ್ದರಿ."

"ಈಕಿ ದನಿ ಇಟ್ಟದ್ದು ಜನವರಿ ಹನ್ನೆರಡರಿಂದ. ಹೋದ ವರ್ಷದ್ದು ಭಂಡಾರ ಕೊಟ್ಟಿರಂಗಿಲ್ಲ."

"ಭಂಡಾರಕ್ಕ ಕೇಳಿಲ್ಲ ಮೇಡಂ. ನನ್ನ ಮಷಿನ್ನಿನ್ಯಾಗ ಇಟ್ಕೊಂಡಿದ್ದೆ."

ಉಳಿದವರೆಲ್ಲ ಬೆಳಿಗ್ಗೆ ಬರುತ್ತಿದ್ದರು. ಕಾಶವ್ವ ಗಂಡನಿಗೆ ರೊಟ್ಟಿ ಬಡಿದು, ಉಣಿಸಿ, ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು. ಆ ಹೊತ್ತಿಗೆ ನೆಟ್‌ವರ್ಕ್ ಸತ್ತಿರುತ್ತಿತ್ತು. ಕೀಲಿ ಬರುವವರೆಗೆ ಆ ನೋಯುವ ಗಂಟಲು ಹಿಡಿದು ಅವಳು ಕಾಯುವುದನ್ನು ನೋಡಲಾಗದೆ, ನೀಲಗಂಗಾ ಅಕ್ಟೋಬರಿನಲ್ಲಿ ಎಂದೋ ಉಳಿಸಿಟ್ಟಿದ್ದ ಕೀಲಿಯನ್ನು ಬಳಸಿದ್ದಳು. ಗುಟ್ಟಿನದೇನಲ್ಲ, ಊರಿಗೆಲ್ಲ ಕೊಡುವಂಥದು, ಇಟ್ಟುಕೊಂಡರೇನು ಅನಿಸಿತ್ತು. ಕೀಲಿ ಹದಿನಾಲ್ಕು ದಿನವೂ ತಕರಾರಿಲ್ಲದೆ ಮುಚ್ಚಿತ್ತು. ಮುಚ್ಚುವ ಕೀಲಿಗೆ ತನ್ನ ಜೋಡಿ ಸಾಯಲಿದೆಯೆಂದು ತಿಳಿಯುವುದಿಲ್ಲ.

"ಜನವರಿ ಮೂವತ್ತೊಂದಕ್ಕ ಹಳೇ ಕೀಲಿ ಅಳಿಸೇವಿ," ಎಂದರು ನದಾಫ. "ಅದರೊಳಗ ಒಂದು ಫೋನ್ ಮಾಡಿದ್ದರ ತಡೀತಿದ್ದೆ."

"ಏನರ ದಾರಿ ಇರಬೇಕಲ್ರಿ."



"ದಾರಿ ಇರಬಾರದು ಅಂತನ ಕಟ್ಟಿದ್ದು, ನೀಲಾ. ಕಳ್ಳಗೂ ಇರಬಾರದು, ನನಗೂ ಇರಬಾರದು. ಆಕಿಗೆ ಕೇಂದ್ರದ ಸಿದ್ಧ ದನಿ ಹಾಕು. ಖರೇ ಹೇಳು."

ಅವಳು ಖರೇ ಹೇಳಲಿಲ್ಲ, ಮೊದಲಿಗೆ. "ಒಂದು ಬ್ಯಾರೆ ದನಿ ನೋಡೂಣ್ರಿ ಕಾಕಾ," ಎಂದು ಸಿದ್ಧ ದನಿ ಹಾಕಿದಳು. ಕಾಶವ್ವ ಅನುಮಾನದಿಂದಲೇ ತುಟಿ ಆಡಿಸಿದಳು.

"ನಾನ ಅದೀನಿ," ಎಂದಿತು ಒಂದು ನಯವಾದ, ವಯಸ್ಸಿಲ್ಲದ ಹೆಣ್ಣುದನಿ.

ಅಡಿವೆಪ್ಪ ಹಿಡಿದಿದ್ದ ಕೈಯನ್ನು ಬಿಟ್ಟುಬಿಟ್ಟ. "ಯಾರಿಕಿ? ಬಸ್‌ಸ್ಟ್ಯಾಂಡಿನ್ಯಾಗ ಗಾಡಿ ಹೆಸರು ಒದರಾಕಿ ಇದ್ದಂಗ ಅದಾಳ. ತಂಗಿ, ನನ್ನಾಕಿ ಎಲ್ಲಿ?"

ಕಾಶವ್ವ ನಿಧಾನವಾಗಿ ಪಟ್ಟಿ ಕಿತ್ತು ಮೇಜಿನ ಮೇಲಿಟ್ಟಳು. ನೀಲಗಂಗಾ ಆಗ ಹೇಳಿದಳು. ಅಕ್ಟೋಬರಿನ ಕೀಲಿಯಿಂದ ಅಳಿಸಿದ ಕೀಲಿಯವರೆಗೆ ಎಲ್ಲವನ್ನೂ, ತನ್ನ ಹೆಸರು ಬಿಡದೆ. ಮುಗಿದ ಮೇಲೆ ಇಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈಕಿ ಮಾರಿ ಹೆಂಗಿತ್ತು ಅನ್ನೂದಂತೂ ಮರತೇತಿ," ಎಂದ ಅಡಿವೆಪ್ಪ ಕೊನೆಗೆ. "ದನಿ ಅಷ್ಟ ಇತ್ತು. ಲಗ್ನದ ಹೊಸದಾಗ, ಈ ಕಾಯ್ದೆ ಎಲ್ಲಾ ಇಲ್ಲದಾಗ, ಈಕಿ ದಿನಾ ಫೋನಿಗೆ ದನಿ ಕಳಸತಿದ್ಲು. ಬರುವಾಗ ಕೊತಂಬರಿ ತರ್ರಿ, ಎಲ್ಲದೀರಿ, ಉಂಡ್ರೇನು. ನೂರಾರು ಇದ್ದೂ. ಫೋನಿನ್ಯಾಗ ಜಾಗಾ ಸಾಲವಲ್ದು ಅಂತ ಒಂದ ಸರ್ತಿಗೆ ಎಲ್ಲಾ ಅಳಿಸಿದೆ. ಅರ್ಧಾ ಕೇಳಿದ್ದೂ ಇಲ್ಲ." ಕೈ ಚಾಚಿದ. "ಮುಚ್ಚಿದ್ದು ಎಲ್ಲೇತಿ? ಕೊಡಾಕ ಬರತೇತೇನು?"

ನೀಲಗಂಗಾ ಉಗುರಿನಷ್ಟಗಲದ ಬಿಲ್ಲೆಯನ್ನು ಅವನ ಕೈಗಿಟ್ಟಳು. ಹದಿನಾಲ್ಕು ತಾಸಿನ ಕಾಶವ್ವ ಅದರಲ್ಲಿದ್ದಳು. ಒಂದು ಕೆಮ್ಮು ಕೂಡ ಹಾಳಾಗಿರಲಿಲ್ಲ.

ಅಡಿವೆಪ್ಪ ಅದನ್ನು ಬೆರಳಲ್ಲಿ ಹೊರಳಿಸಿ ನೋಡಿ, ಕಿವಿಗೆ ಒತ್ತಿ ಹಿಡಿದು ಕೂತ. ಕಾಶವ್ವ ಅವನ ಇನ್ನೊಂದು ಅಂಗೈಯನ್ನು ತನ್ನ ತೊಡೆಗೆ ಎಳೆದುಕೊಂಡು ಒಂದು ಸಲ ಬಡಿದಳು. ಬಿಟ್ಟು, ಮತ್ತೆ ಒಂದು ಸಲ, ಹೌದು, ನಾನಿಲ್ಲೇ ಇದ್ದೇನೆ ಎನ್ನುವಂತೆ.

ಅವನು ಕೈ ಬಿಡಿಸಿಕೊಂಡ.

"ತಡಿ," ಎಂದ. "ಕೇಳಾಕತ್ತೀನಿ."