ಬೆಕ್ಕಿನ ಬೂದಿ ಡಬ್ಬ

ಹೊಂಗಡಹಳ್ಳದ ಒಂಟಿ ಸಲಗ ನನ್ನ ಒಂದು ಸೀನಿಗೆ ಬೆದರಿ ಹೊಳೆ ಹಾರಿ ಓಡಿದ್ದನ್ನು ನಾಲ್ಕೂರಿನ ಜನ ಕಣ್ಣಾರೆ ನೋಡಿದ್ದಾರೆ. ಅಂಥ ಗಂಡೆದೆಯ, ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಯೋಗಾನಂದ ನಾನು. ಅದಕ್ಕೇ ಎಸ್ಟೇಟಿನ ಒಡತಿ ಗಂಗಾಮಣಿಯವರು ೨೦೦೩ರಲ್ಲಿ ಬೆಕ್ಕಿನ ಬೂದಿಯ ಉಸ್ತುವಾರಿಯನ್ನು ನನಗೇ ವಹಿಸಿದ್ದರು.

ಬೆಕ್ಕಿಗೆ ಥೈರಾಯ್ಡ್ ಕೆರಳಿತ್ತು. ಹುಲಿಯಷ್ಟು ತಿಂದರೂ ಹಂಚಿಕಡ್ಡಿಯಾಗಿತ್ತು. ದೂರದೂರಿನಲ್ಲಿ ವಿಕಿರಣ ಅಯೋಡಿನ್ ಚುಚ್ಚಿಸಿ ತಂದು, ಬಚ್ಚಲ ಪಕ್ಕದ ಸೌದೆ ಕೋಣೆಯಲ್ಲಿ ಕೂಡಿಹಾಕಿದ್ದರು. ಅದರ ಮಲಮೂತ್ರದಲ್ಲೂ ವಿಕಿರಣವಿರುತ್ತದೆ, ಬಸುರಿಯರು ಹತ್ತಿರ ಸುಳಿಯಕೂಡದು ಎಂದು ವೈದ್ಯರು ಹೇಳಿದ್ದರು. ಒಡತಿಯ ಸೊಸೆ ಚೈತ್ರಶ್ರೀಗೆ ಐದು ತಿಂಗಳು. ಬೆಕ್ಕಿನ ಹೇಲುಚ್ಚೆಗೆಂದು ತಟ್ಟೆಗೆ ಹಾಕಿದ ಬೂದಿಯನ್ನು, ವಿಕಿರಣ ಇಳಿಯುವವರೆಗೆ ಇಡಲು, ನಾನು ದಿನವೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಡಬ್ಬಕ್ಕೆ ತುಂಬಿ ಬೀಗ ಹಾಕಬೇಕಿತ್ತು.

ಹನ್ನೊಂದನೆಯ ದಿನ ಗಂಗಾಮಣಿಯವರು ಬೀಗ ತೆಗೆಸಿದರು. ಡಬ್ಬ ಖಾಲಿ!

"ಕೆಂಚಮ್ಮಾ, ಪಾತ್ರೆ ಉಜ್ಜಕ್ಕೆ ಕದ್ದೆಯೇನೇ? ನಾಳೆಯೇ ಕೂಲಿ ಲೈನಿನ ಮನೆ ಖಾಲಿ ಮಾಡು!" ಎಂದರು.

"ನನ್ ಮಕ್ಳಾಣೆ ಇಲ್ಲ ಕಣವ್ವಾ!" ಕೆಲಸದಾಕೆ ಕೆಂಚಮ್ಮ ಅತ್ತಳು.

ಒಡತಿ ಹೇಳಿದ್ದರಿಂದ ಹೆತ್ತೂರಿನಿಂದ ನನ್ನ ಗೆಳೆಯ, ಪತ್ತೇದಾರ ಶಾಂತಮಲ್ಲಪ್ಪನನ್ನು ಜೀಪಿನಲ್ಲಿ ಕರೆತಂದೆ. ದನದಾಸ್ಪತ್ರೆಯ ನಿವೃತ್ತ ಕಾಂಪೌಂಡರ್. ಕಳ್ಳನ ಮೂಳೆ ಮುರಿಯುತ್ತೇನೆಂದು ದಾರಿಯುದ್ದಕ್ಕೂ ಗುಡುಗಿದೆ. ಅವನು ಡಬ್ಬದೊಳಗೆ ಇಣುಕಿದ. ಸೌದೆ ಕೋಣೆಯ ಬಾಗಿಲಿಗೆ ಒರಗಿದ್ದ ಕೊಕ್ಕೆಗೋಲನ್ನೂ ಪಕ್ಕದ ಬಚ್ಚಲೊಲೆಯ ಬೂದಿಗುಡ್ಡೆಯನ್ನೂ ನೋಡಿದ. ಎಲ್ಲರನ್ನೂ ಕಣದಲ್ಲಿ ಸೇರಿಸಿದ.

"ಬೀಗ ಒಡೆದಿಲ್ಲ. ಡಬ್ಬದೊಳಗೆ ಹಳೇ ಜೇಡರಬಲೆ ಹರೀದೆ ಐತೆ. ಬೂದಿ ಯಾರೂ ಕದ್ದಿಲ್ಲ ಕಣ್ರೀ, ತುಂಬೇ ಇಲ್ಲ. ಕೊಕ್ಕೆ ತುದೀಲಿ ಬೂದಿ ಮೆತ್ತೈತೆ. ತಟ್ಟೆ ಮುಟ್ಟಕ್ಕೆ ಹೆದರಿದೋನು ಕೊಕ್ಕೇಲಿ ಎಳ್ದು ಅಲ್ಲೇ ಬಚ್ಚಲೊಲೆ ಗುಡ್ಡೆಗೆ ಮಗುಚಿಬುಟ್ಟವ್ನೆ."

"ಅಯ್ಯೋ! ಪಾತ್ರೆಗೆ ಬೂದಿ ತಗಳದು ಅಲ್ಲಿಂದ್ಲೇ!" ಎಂದಳು ಕೆಂಚಮ್ಮ.

ಚೈತ್ರಶ್ರೀಯ ಕೈ ಹೊಟ್ಟೆಯ ಮೇಲೆ ಹೋಯಿತು.

"ಮನೆ ಪಾತ್ರೆಗೂ ಅದೇನಾ?" ಶಾಂತಮಲ್ಲಪ್ಪ ಮೆಲ್ಲಗೆ ಕೇಳಿದ.

"ಇಲ್ಲ ಸ್ವಾಮಿ. ಬೂದಿ ವಾಸ್ನೆಗೆ ಚಿಕ್ಕವ್ವಾರಿಗೆ ವಾಂತಿ ಬತ್ತದೆ ಅಂತ ಸೋಪಿನ ಪುಡೀಲೇ ತೊಳೀತಿದ್ದೆ. ಬೂದೀಲಿ ಉಜ್ಜಿದ್ದು ರೈಟ್ರ ಕಾಫಿ ಲೋಟ ಒಂದೇ."

ನನ್ನ ಕೈಯಲ್ಲಿದ್ದ ಲೋಟ ಕೆಳಗೆ ಬಿತ್ತು.

"ಲೋಟ ಹಾಳಾಗ್ಲಿ. ಇವತ್ತೇ ಕೆಂಚಮ್ಮನ್ನ ಡಾಕ್ಟ್ರಿಗೆ ತೋರ್ಸಿ," ಎಂದ ಶಾಂತಮಲ್ಲಪ್ಪ ನನ್ನತ್ತ ತಿರುಗಿದ. "ಕೀಲಿ ಯಾರತ್ರ ಇತ್ತು ಮಾರಾಯ?"

ಒಪ್ಪಿಕೊಂಡೆ. ಬೂದಿಗೆ ಹೆದರಿದ್ದೆ. ಕೆಂಚಮ್ಮ ಅಳುವಾಗ ಬಾಯಿ ಬಿಡಲು ಇನ್ನಷ್ಟು ಹೆದರಿದ್ದೆ. ಆ ಸಲಗ ನನ್ನನ್ನು ನೋಡಿಯೇ ಇರಲಿಲ್ಲ. ನಾನು ಜೀಪಿನಡಿ ಮಲಗಿದ್ದೆ.